ಗಿನಿಪಿಗ್‌ಗೆ ರೆಕ್ಕೆ ಇಲ್ಲ ಸ್ವಾಮಿ

ಲವ್ ಬರ್ಡ್ಸ್ ಸಾಕುವ ಪಂಜರ. ಒಂದೂವರೆ ಅಡಿ ಉದ್ದ, ಒಂದಡಿ ಅಗಲ. ತಳಕ್ಕೆ ತಂತಿಯ ಜಾಲರಿ, ನೆತ್ತಿಗೆ ನೇತುಹಾಕುವ ಕೊಕ್ಕೆ. ಒಳಗೆ ಎರಡು ಗಿನಿಪಿಗ್. ಹಕ್ಕಿಗೆಂದು ಕಟ್ಟಿದ್ದ ಪುಟ್ಟ ಉಯ್ಯಾಲೆಯನ್ನೂ ತೆಗೆದಿರಲಿಲ್ಲ. ಅದರ ಮೇಲೆ ಯಾರು ಕೂತು ತೂಗಿಕೊಳ್ಳಬೇಕಿತ್ತೋ ನನಗಂತೂ ತಿಳಿಯಲಿಲ್ಲ.

ನಿನ್ನೆ ಸೋಮವಾರಪೇಟೆ ಕಡೆ ನಂಟರ ಮನೆಯ ನಾಮಕರಣಕ್ಕೆ ಹೋಗಿದ್ದೆವು. ನಮ್ಮ ಕೊಡಗಿನ ಮಳೆಯ ತಿಂಗಳು ಕಕ್ಕಡ ಮುಗಿದರೂ ಮಳೆ ಮುಗಿದಿಲ್ಲ, ಅದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಪಂಜರ ಇದ್ದದ್ದು ಜಗಲಿಯಲ್ಲಿ, ಎರಚಲು ಬಡಿಯುವ ಬದಿಯಲ್ಲೇ. "ಅಕ್ಕಾ, ನಿಮಗೆ ಇಷ್ಟವೆಂದು ಮೊದಲು ಇವುಗಳನ್ನೇ ತೋರಿಸುತ್ತಿದ್ದೇನೆ" ಎಂದು ಆ ಮನೆಯ ಹುಡುಗ ಖುಷಿಯಿಂದ ಹೇಳಿದರೆ ನಾನು ಏನು ಹೇಳಲಿ? ಶುಭಕಾರ್ಯದ ಮನೆ. ಪಾಯಸ ಕುಡಿದು ಬಾಯಿ ಮುಚ್ಚಿಕೊಂಡೆ. ವಾಪಸು ಬರುವಾಗ ಮಾದಾಪುರ ದಾಟುವವರೆಗೂ ಯಜಮಾನರ ತಲೆ ತಿಂದೆ. "ನನಗೆ ಹೇಳಿ ಏನು ಪ್ರಯೋಜನ, ಫೇಸ್‌ಬುಕ್‌ನಲ್ಲಿ ಬರೆ" ಎಂದರು. ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ಬಿಡುವಿದ್ದವರು ಓದಿ.

ಎರಡರಲ್ಲಿ ಕಂದು ಬಣ್ಣದ್ದು ಹಿಂಗಾಲನ್ನು ಎತ್ತಿ ಎತ್ತಿ ಇಡುತ್ತಿತ್ತು. ಕೈಗೆತ್ತಿಕೊಂಡು ತಿರುಗಿಸಿ ನೋಡಿದೆ. ಅಂಗಾಲು ಕೆಂಪಗೆ ಊದಿಕೊಂಡು, ಹಿಮ್ಮಡಿಯ ಹತ್ತಿರ ಚರ್ಮ ಬಿಗಿದು ಹೊಳೆಯುತ್ತಿತ್ತು. ಗಿನಿಪಿಗ್‌ನ ಅಂಗಾಲಿನಲ್ಲಿ ಕೂದಲಿಲ್ಲ. ಬೆಳೆದ ಪ್ರಾಣಿ ಮುಕ್ಕಾಲು ಕಿಲೋದಿಂದ ಒಂದು ಕಿಲೋ, ಕೆಲವು ಅದಕ್ಕೂ ಹೆಚ್ಚು ತೂಗುತ್ತವೆ. ಅಷ್ಟು ಭಾರವನ್ನು ಹಗಲೂ ರಾತ್ರಿ ತಂತಿಯ ಮೇಲೆ ಹೊತ್ತರೆ ಮೊದಲು ಊತ, ಆಮೇಲೆ ಹುಣ್ಣು, ಅದಕ್ಕೂ ಗಮನ ಕೊಡದಿದ್ದರೆ ಸೋಂಕು ಮೂಳೆಯವರೆಗೆ ಇಳಿಯುತ್ತದೆ. ಗಾಬರಿಯಾಗಿ ಓಡುವಾಗ ಜಾಲರಿಯ ಸಂದಿಗೆ ಕಾಲು ಸಿಕ್ಕಿ ಮುರಿಯುವುದು ಬೇರೆ. ಹಿಕ್ಕೆ ಕೆಳಗೆ ಬಿದ್ದುಹೋಗುತ್ತದೆ, ತೊಳೆಯುವ ಕೆಲಸವಿಲ್ಲ ಎನ್ನುವುದೇ ಈ ಜಾಲರಿಯ ಹೆಚ್ಚುಗಾರಿಕೆಯಂತೆ. ಯಾರ ಅನುಕೂಲಕ್ಕೆ ಮಾಡಿದ್ದು ಎನ್ನುವುದು ಅಲ್ಲೇ ಗೊತ್ತಾಯಿತಲ್ಲ.

ಮೈಸೂರಿನ ಯಾವುದೋ ಅಂಗಡಿಯಲ್ಲಿ ಪ್ರಾಣಿಯ ಜೊತೆಗೇ ಪಂಜರವನ್ನೂ ಕೊಟ್ಟರಂತೆ. ಅಂಗಡಿಯವನಿಗೆ ಬೇಕಾದದ್ದು ಒಂದರ ಮೇಲೊಂದು ಪೇರಿಸಿಡಬಹುದಾದ ಡಬ್ಬ. ಕೊಳ್ಳುವವರಿಗೆ ಬೇಕಾದದ್ದು ಕಾರಿನ ಹಿಂದಿನ ಸೀಟಿನಲ್ಲಿ ಕೂರುವ ಡಬ್ಬ. ಇಬ್ಬರ ಲೆಕ್ಕವೂ ಸರಿಹೋಯಿತು. ಒಳಗೆ ಐದರಿಂದ ಎಂಟು ವರ್ಷ ಬದುಕಬೇಕಾದವರನ್ನು ಮಾತ್ರ ಯಾರೂ ಕೇಳಲಿಲ್ಲ. ಎರಡು ಗಿನಿಪಿಗ್‌ಗಳಿಗೆ ಕನಿಷ್ಠ ಏಳೂವರೆ ಚದರ ಅಡಿ ನೆಲ ಬೇಕು, ಹತ್ತು ಇದ್ದರೆ ಒಳ್ಳೆಯದು ಎನ್ನುವುದು ಇವುಗಳನ್ನು ಬಲ್ಲವರು ಸಾಮಾನ್ಯವಾಗಿ ಹೇಳುವ ಅಳತೆ. ಆ ಪಂಜರ ಎಷ್ಟು? ಒಂದೂವರೆ ಚದರ ಅಡಿ. ಬೇಕಾದದ್ದರ ಐದನೆಯ ಒಂದು ಪಾಲು. ಅದರಲ್ಲೂ ನೀರಿನ ಬಾಟಲಿ, ಊಟದ ಬಟ್ಟಲು, ಆ ಸುಡುಗಾಡು ಉಯ್ಯಾಲೆ.

"ಹಾಗಾದರೆ ಮೂರು ಅಂತಸ್ತಿನ ಪಂಜರ ತರಿಸುತ್ತೇನೆ" ಎಂದು ಇನ್ನೊಬ್ಬರು ಕಳೆದ ತಿಂಗಳು ನನಗೆ ಚಿತ್ರ ಕಳುಹಿಸಿದ್ದರು. ಅಯ್ಯೋ, ಗಿನಿಪಿಗ್ ಅಳಿಲಲ್ಲ. ಅದು ಹತ್ತುವ ಪ್ರಾಣಿಯಲ್ಲ, ನೆಲದ ಮೇಲೆ ಓಡುವ ಪ್ರಾಣಿ. ಏಣಿಯಿಂದ ಬಿದ್ದರೆ ಕಾಲು ಹೋಗುತ್ತದೆ. ಎತ್ತರಕ್ಕೆ ಕೊಟ್ಟ ದುಡ್ಡು ನೀರಿಗೆ ಹಾಕಿದ ಹಾಗೆ. ಓಡುವ ಚಕ್ರವನ್ನೂ ಮಾರುತ್ತಾರೆ, ಅದರಲ್ಲಿ ಬೆನ್ನುಮೂಳೆ ಬಾಗಿ ಪೆಟ್ಟಾಗುತ್ತದೆ. ಗಾಜಿನ ಅಕ್ವೇರಿಯಂ ಖಾಲಿ ಬಿದ್ದಿದೆ, ಅದಕ್ಕೆ ಹಾಕಲೇ ಎಂದು ಕೇಳಿದವರೂ ಇದ್ದಾರೆ. ಅದರಲ್ಲಿ ಗಾಳಿಯಾಡುವುದಿಲ್ಲ, ಮೂತ್ರದ ಅಮೋನಿಯ ತಳದಲ್ಲೇ ನಿಂತು ಶ್ವಾಸಕೋಶಕ್ಕೆ ಹೋಗುತ್ತದೆ. ಮೀನಿಗೆ ಮಾಡಿದ್ದರಲ್ಲಿ ಮೀನು, ಹಕ್ಕಿಗೆ ಮಾಡಿದ್ದರಲ್ಲಿ ಹಕ್ಕಿ. ಇಷ್ಟು ಅರ್ಥವಾಗಲು ಏನು ಕಷ್ಟ?

ನಾಮಕರಣದ ಮನೆಯಲ್ಲಿ ಒಬ್ಬರು ಮಾವ ಇದ್ದರು, ಹಿರಿಯರು. ನಾನು ಪಂಜರದ ಮುಂದೆ ಕೂತಿದ್ದನ್ನು ನೋಡಿ, "ಇದಕ್ಕೆ ಕಾಚಂಪುಳಿ ಹಾಕಿದರೆ ಹೇಗಿರುತ್ತದಮ್ಮಾ?" ಎಂದು ಕೇಳಿದರು. ಕಾಚಂಪುಳಿ ಎಂದರೆ ನಮ್ಮಲ್ಲಿ ಮಾಂಸದ ಅಡುಗೆಗೆ ಹಾಕುವ ಕಪ್ಪು ಹುಳಿ. ಎಲ್ಲರೂ ನಕ್ಕರು. ನನಗೂ ನಗು ಬಂತು, ಬರಲಿಲ್ಲವೆಂದು ಸುಳ್ಳು ಹೇಳುವುದಿಲ್ಲ. ಆದರೆ ಮಾವನ ಪ್ರಶ್ನೆಯಲ್ಲಿ ಅವರಿಗೇ ತಿಳಿಯದ ಒಂದು ವಿಷಯವಿತ್ತು. ಪೆರು, ಬೊಲಿವಿಯಾ ಕಡೆಯ ಆಂಡೀಸ್ ಬೆಟ್ಟಗಳಲ್ಲಿ ಸಾವಿರಾರು ವರ್ಷಗಳಿಂದ ಇವುಗಳನ್ನು ಮಾಂಸಕ್ಕೆಂದೇ ಸಾಕುತ್ತಾರೆ. ಅಲ್ಲಿ ಇವು 'ಕುಯ್'. ಹಳ್ಳಿಯ ಮನೆಗಳಲ್ಲಿ ಅವುಗಳ ಜಾಗ ಎಲ್ಲಿ ಗೊತ್ತೇ? ಅಡುಗೆಮನೆಯ ನೆಲ. ಒಲೆಯ ಬೆಚ್ಚಗಿನ ಕಡೆ, ಗುಂಪಾಗಿ, ಸೊಪ್ಪು ತಿನ್ನುತ್ತಾ ಓಡಾಡಿಕೊಂಡಿರುತ್ತವೆ. ಕೊನೆಗೆ ಕೊಯ್ದು ತಿನ್ನುವವರು ಬದುಕಿರುವಷ್ಟು ದಿನ ಮನೆಯೊಳಗೆ ನೆಲ ಕೊಡುತ್ತಾರೆ. ಮುದ್ದು ಮಾಡಿ ರೀಲ್ಸ್ ಹಾಕುವ ನಾವು ಜಗಲಿಯಲ್ಲಿ ತಂತಿ ಕೊಡುತ್ತೇವೆ. ಮಾವನ ಹತ್ತಿರ ಕೊಟ್ಟಿದ್ದರೆ ಅವು ಇನ್ನೂ ಸುಖವಾಗಿ ಇರುತ್ತಿದ್ದವೋ ಏನೋ.

ಈಗ ಜಗಲಿಯ ವಿಷಯ. "ನಮ್ಮದು ತಂಪು ಊರು, ಇವು ತಂಪು ದೇಶದ ಪ್ರಾಣಿ, ಹೊರಗಿದ್ದರೆ ಏನಾಗುತ್ತದೆ?" ಎನ್ನುವ ವಾದ ಕೇಳಿ ಕೇಳಿ ಸಾಕಾಗಿದೆ. ಇವುಗಳಿಗೆ ಹಿತವಾದದ್ದು 18ರಿಂದ 24 ಡಿಗ್ರಿ. ಆ ಲೆಕ್ಕದಲ್ಲಿ ಮಡಿಕೇರಿಯ ಎಷ್ಟೋ ದಿನಗಳು ಚೆನ್ನಾಗಿಯೇ ಇವೆ. ಬೇಸಿಗೆಯಲ್ಲಿ ಕುಶಾಲನಗರದವರು ಹೆಚ್ಚು ಎಚ್ಚರ ವಹಿಸಬೇಕು, 27-28 ದಾಟಿದರೆ ಇವು ಸೊರಗುತ್ತವೆ, ಬಿಸಿಲು ನೇರ ಬೀಳುವ ಕಿಟಕಿಯ ಪಕ್ಕ ಇಟ್ಟರೆ ಸತ್ತೇ ಹೋಗಬಹುದು. ಆದರೆ ನಮ್ಮಲ್ಲಿ ಪ್ರಾಣಿಯನ್ನು ಮಲಗಿಸುವುದು ಥಂಡಿಗಿಂತ ತೇವ. ಜೂನ್‌ನಿಂದ ಬೀರುವಿನಲ್ಲಿರುವ ಚರ್ಮದ ಬೆಲ್ಟಿಗೆ ಬೂಷ್ಟು ಬರುತ್ತದೆ, ಮದುವೆಯ ಆಲ್ಬಮ್ಮಿಗೆ ಬರುತ್ತದೆ, ನಾವು ತೊಟ್ಟ ಬಟ್ಟೆ ಮುಗ್ಗಲು ವಾಸನೆ ಹೊಡೆಯುತ್ತದೆ. ಅಂಥ ಗಾಳಿಯಲ್ಲಿ, ಎರಚಲಿನಲ್ಲಿ, ಒದ್ದೆ ಹುಲ್ಲಿನ ಮೇಲೆ ಕೂತ ಗಿನಿಪಿಗ್‌ನ ಶ್ವಾಸಕೋಶ ಹೇಗಿರಬೇಕು? ಇವುಗಳನ್ನು ಬೇಗ ಕೊಂಡೊಯ್ಯುವ ಕಾಯಿಲೆಗಳಲ್ಲಿ ನ್ಯುಮೋನಿಯ ಮುಖ್ಯವಾದದ್ದು. ಅದನ್ನು ತರುವ ಒಂದು ರೋಗಾಣು ನಾಯಿ, ಮೊಲಗಳಲ್ಲಿ ಏನೂ ತೊಂದರೆ ಮಾಡದೆ ಇರಬಲ್ಲದು. ಜಗಲಿಯಲ್ಲಿ ನಾಯಿ ಮಲಗದ ಮನೆ ಕೊಡಗಿನಲ್ಲಿ ಎಷ್ಟಿವೆ ಹೇಳಿ. ಇನ್ನು ಬೆಕ್ಕು, ಕೇರೆ ಹಾವು, ಹೆಗ್ಗಣಗಳ ಮಾತು ನಾನು ಎತ್ತುವುದೇ ಇಲ್ಲ.

ಜಗಲಿ ಬೇಡವೆಂದರೆ ಬಚ್ಚಲುಮನೆಯ ಹಂಡೆ ಒಲೆಯ ಪಕ್ಕ ಇಡುತ್ತಾರೆ, ಅಲ್ಲಿ ಹೊಗೆ. ಕಾಫಿ ಚೀಲ ಪೇರಿಸಿದ ಕೋಣೆಯಲ್ಲಿ ಇಡುತ್ತಾರೆ, ಅಲ್ಲಿ ಇಲಿ ಮತ್ತು ಬೂಷ್ಟು. ಬಟ್ಟೆ ಒಣಗಿಸುವ ಕೆಂಡದ ಬಾಣಲೆಯನ್ನು ಮುಚ್ಚಿದ ಕೋಣೆಯಲ್ಲಿ ಇವುಗಳ ಹತ್ತಿರ ಇಡುವವರಿಗೆ ಕೈಮುಗಿಯುತ್ತೇನೆ, ಆ ಹೊಗೆಯಿಲ್ಲದ ವಿಷಾನಿಲ ಮನುಷ್ಯರನ್ನೂ ಬಿಡುವುದಿಲ್ಲ. ಕೋಳಿಮರಿಗಳಿಗೆ ಹಾಕುವಂತೆ ಬಲ್ಬ್ ಹಾಕುವುದೂ ಬೇಡ. ಒಣಹುಲ್ಲಿನ ಮೇಲೆ ಬಿಸಿ ಬಲ್ಬ್ ಇಟ್ಟು ನೆಮ್ಮದಿಯಾಗಿ ನಿದ್ದೆ ಮಾಡುವ ಧೈರ್ಯ ನನಗಿಲ್ಲ. ತೀರಾ ಚಳಿಯೆನಿಸಿದರೆ ಬಿಸಿನೀರಿನ ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಒಂದು ಮೂಲೆಗೆ ಇಟ್ಟರೆ ಸಾಕು. ಕರೆಂಟ್ ಹೋದರೂ ಅದು ನಡೆಯುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಇದ್ದರೆ ತಾನೇ ಹೋಗುವ ಮಾತು.

ಮನೆಯೊಳಗೆ, ಜನ ಕೂರುವ ಕೋಣೆಯ ಒಂದು ಮೂಲೆ. ಅಷ್ಟೇ ಬೇಕಾಗಿರುವುದು. ನಮ್ಮ ಮನೆಯಲ್ಲಿ ಟಿವಿಯ ಎದುರು ಗೋಡೆಗೆ ಒತ್ತಿ ಇಟ್ಟಿದ್ದೇವೆ, ಬಂದವರೆಲ್ಲ ನೋಡಿದ್ದೀರಿ. ನಮ್ಮ ಆಚಾರಿ ಸಿಲ್ವರ್ ಓಕ್ ಹಲಗೆಯಲ್ಲಿ ಮಾಡಿಕೊಟ್ಟದ್ದು. ಐದಡಿ ಉದ್ದ, ಎರಡಡಿ ಅಗಲ, ಒಂದೂಕಾಲು ಅಡಿ ಎತ್ತರದ ಗೋಡೆ. "ಇದೇನು ತೊಟ್ಟಿಲೋ ಪೆಟ್ಟಿಗೆಯೋ ಅಕ್ಕಾ?" ಎಂದು ಕೇಳುತ್ತಲೇ ಮಾಡಿದ. ಇವು ಅಷ್ಟೆತ್ತರ ಹಾರುವುದಿಲ್ಲವಾದ್ದರಿಂದ ಮುಚ್ಚಳ ಅವುಗಳಿಗಾಗಿ ಬೇಡ, ಬೆಕ್ಕಿಗಾಗಿ ಬೇಕು. ಮೇಲೆ ಜಾಲರಿಯ ಚೌಕಟ್ಟು ಹಾಕಿದ್ದೇವೆ. ಜಾಲರಿ ಇರಬೇಕಾದದ್ದು ಮೇಲೆ, ದಯವಿಟ್ಟು ಗಮನಿಸಿ, ಕಾಲ ಕೆಳಗಲ್ಲ. ಕೆಳಗೆ ಆರು ಅಂಗುಲದ ಕಾಲು ಕೊಟ್ಟಿದೆ, ಸಿಮೆಂಟ್ ನೆಲದ ಶೀತ ಏರಬಾರದೆಂದು.

ಬರೀ ಮರವಾದರೆ ಮೂತ್ರ ಹೀರಿಕೊಂಡು ಒಂದೇ ಮಳೆಗಾಲದಲ್ಲಿ ನಾರುತ್ತದೆ. ಅದಕ್ಕೆ ತಳಕ್ಕೂ ಗೋಡೆಗೂ ಹಳೆಯ ಫ್ಲೆಕ್ಸ್ ಹಾಸಿ, ಅಂಚನ್ನು ಕಡಿಯಲು ಸಿಗದಂತೆ ಹೊರಕ್ಕೆ ಮಡಿಸಿ ಮೊಳೆ ಹೊಡೆದಿದ್ದೇವೆ. ಕಾಫಿ ಕಣದ ಹಳೆಯ ಟಾರ್ಪಾಲು ಆದರೂ ಆದೀತು. ನಮ್ಮದು ಚುನಾವಣೆಯ ಫ್ಲೆಕ್ಸ್. ಯಾವ ಪಕ್ಷದ್ದೆಂದು ಕೇಳಬೇಡಿ, ಮುಖ ಕೆಳಗೆ ಮಾಡಿ ಹಾಸಿದ್ದೇವೆ.

ಅದರ ಮೇಲೆ ಏನು ಹಾಕಬೇಕೆನ್ನುವುದರಲ್ಲಿ ಊರಿಗೊಂದು ಸಲಹೆ. ಮರದ ಮಿಲ್ಲಿನ ಪುಡಿ ಬೇಡ, ದೂಳು ಮೂಗಿಗೆ ಹೋಗುತ್ತದೆ. ಕಾಫಿ ಹೊಟ್ಟು ಬಿಟ್ಟಿಯಾಗಿ ಸಿಗುತ್ತದಲ್ಲ ಎನ್ನುವವರೇ, ಅದರಲ್ಲಿ ಕೆಫೀನ್ ಇರುತ್ತದೆ, ಇವು ಹಾಸಿದ್ದನ್ನೆಲ್ಲ ತಿಂದು ನೋಡುವ ಜಾತಿ. ಪಟ್ಟಣದವರು ಫ್ಲೀಸ್ ಬಟ್ಟೆಯನ್ನು ಹೊಗಳುತ್ತಾರೆ. ಒಳ್ಳೆಯದೇ, ಕಾಲಿಗೆ ಮೆತ್ತಗೆ. ಆದರೆ ಜುಲೈನಲ್ಲಿ ಮಡಿಕೇರಿಯಲ್ಲಿ ಅದನ್ನು ಒಗೆದು ಒಣಗಿಸಿ ತೋರಿಸಲಿ, ಆಮೇಲೆ ಮಾತನಾಡೋಣ. ಮಳೆಗಾಲದಲ್ಲಿ ನಾನು ದಪ್ಪಗೆ ಪತ್ರಿಕೆ ಹಾಸಿ, ಮೇಲೆ ಹರಿದ ಕಾಗದದ ಚೂರು ಹಾಕಿ, ಒದ್ದೆಯಾದ ಮೂಲೆಯನ್ನು ದಿನವೂ ತೆಗೆಯುತ್ತೇನೆ. ಹುಲ್ಲಿಗೆ ಬೂಷ್ಟು ಬಂದಿದೆಯೇ ಎಂದು ಮೂಸಿ ನೋಡದೆ ಹಾಕುವುದಿಲ್ಲ. ತೋಟದ ಹುಲ್ಲನ್ನಂತೂ ಗಿಡಕ್ಕೆ ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ ಹೊಡೆದ ಮೇಲೆ ಮುಟ್ಟುವುದೇ ಇಲ್ಲ. ಅಡಗಿಕೊಳ್ಳಲು ಒಬ್ಬೊಬ್ಬರಿಗೂ ಒಂದು ರಟ್ಟಿನ ಪೆಟ್ಟಿಗೆ, ಎರಡು ಬಾಗಿಲು ಕೊರೆದು. ಒಂದೇ ಬಾಗಿಲಿದ್ದರೆ ಜೋರಿನದು ಅಡ್ಡ ಕೂತು ಪಾಪದ್ದನ್ನು ಹೊರಬರಲು ಬಿಡುವುದಿಲ್ಲ. ಅತ್ತೆ ಸೊಸೆಯರಿರುವ ಮನೆಯಲ್ಲಿ ಇದನ್ನು ವಿವರಿಸಬೇಕಾಗಿಲ್ಲ.

ಜಾಗ ಉಳಿಸಲು ಒಂದನ್ನೇ ಸಾಕುತ್ತೇವೆ ಎನ್ನಬೇಡಿ. ಗುಂಪಿನಲ್ಲಿ ಬಾಳುವ ಪ್ರಾಣಿ, ಒಂಟಿಯಾದರೆ ಕುಗ್ಗುತ್ತದೆ. ಸ್ವಿಟ್ಜರ್‌ಲೆಂಡಿನಲ್ಲಿ 2008ರಿಂದ ಒಂಟಿ ಗಿನಿಪಿಗ್ ಸಾಕುವುದು ಕಾನೂನಿಗೇ ವಿರುದ್ಧ. ಎರಡು ತಂದರೆ ಎರಡೂ ಹೆಣ್ಣೇ ಎನ್ನುವುದನ್ನು ಬಲ್ಲವರಿಗೆ ತೋರಿಸಿ ಖಚಿತಪಡಿಸಿಕೊಳ್ಳಿ, ಅಂಗಡಿಯವರ ಮಾತು ನಂಬಿದವರ ಮನೆಯಲ್ಲಿ ಎರಡೇ ತಿಂಗಳಿಗೆ ಕಣ್ಣು ಬಿಟ್ಟುಕೊಂಡೇ, ಮೈತುಂಬ ಕೂದಲಿಟ್ಟುಕೊಂಡೇ ಮರಿಗಳು ಹುಟ್ಟಿ ಓಡಾಡುತ್ತಿರುತ್ತವೆ. ಆಗ ನನ್ನ ಏಳೂವರೆ ಚದರ ಅಡಿಯ ಲೆಕ್ಕವೂ ಕೈಕೊಡುತ್ತದೆ.

"ಮನೆಯೊಳಗೆ ವಾಸನೆ ಬರುವುದಿಲ್ಲವೇ?" ಬರುತ್ತದೆ. ಒಂದೂವರೆ ಚದರ ಅಡಿಯಲ್ಲಿ ಎರಡು ಪ್ರಾಣಿ ತುರುಕಿದರೆ ಬಂದೇ ಬರುತ್ತದೆ. ಪಂಜರ ಚಿಕ್ಕದಾದದ್ದಕ್ಕೆ ವಾಸನೆ, ವಾಸನೆಯೆಂದು ಜಗಲಿಗೆ, ಜಗಲಿಗೆ ಹಾಕಿದ ಮೇಲೆ ಯಾರೂ ತಿರುಗಿ ನೋಡುವುದಿಲ್ಲ. ಹತ್ತು ಚದರ ಅಡಿ ಕೊಟ್ಟು ಒಂದು ಮೂಲೆ ತೆಗೆಯುತ್ತಿದ್ದರೆ ನಮ್ಮ ಮನೆಯಲ್ಲಿ ನೆಂಟರ ಮೂಗಿಗೆ ಮೊದಲು ತಟ್ಟುವುದು ಯಜಮಾನರ ಗಂಬೂಟಿನ ವಾಸನೆ.

"ಮೊದಲೆಲ್ಲ ನಾವೂ ಮೊಲ ಸಾಕಿದ್ದೆವು, ಕೋಳಿಗೂಡಿನ ಪಕ್ಕದಲ್ಲೇ, ಏನಾಯಿತು?" ಎಂದು ಕೇಳುವ ಹಿರಿಯರೂ ಇಲ್ಲಿ ಇದ್ದೀರಿ, ಗೊತ್ತು. ಏನಾಯಿತೆಂದು ನೀವೇ ನೆನಪಿಸಿಕೊಳ್ಳಿ. ಎಷ್ಟು ಮೊಲಗಳು ಮುದಿಯಾಗಿ ಸತ್ತವು? ಬೆಳಿಗ್ಗೆ ಎದ್ದು ನೋಡಿದರೆ ಸತ್ತಿತ್ತು ಎನ್ನುವುದೇ ನಾನು ಕೇಳಿದ ಎಲ್ಲ ಮೊಲಗಳ ಕಥೆ. ಗಿನಿಪಿಗ್ ಕೂಡ ಹಾಗೆಯೇ, ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಟ್ಟುಕೊಳ್ಳುತ್ತದೆ. ಕಣ್ಣೆದುರಿಗೆ ಇದ್ದರೆ ಮಾತ್ರ ಇವತ್ತು ಹುಲ್ಲು ಮುಟ್ಟಲಿಲ್ಲ, ಮೂಲೆಯಲ್ಲಿ ಮುದುಡಿಕೊಂಡಿದೆ ಎನ್ನುವುದು ಗೊತ್ತಾಗುತ್ತದೆ.

ಮಗ ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ಈ ಮನೆಯಲ್ಲಿ ನಾನು ಫ್ರಿಜ್ ಬಾಗಿಲು ತೆಗೆದದ್ದಕ್ಕೆ ಸಂಭ್ರಮಪಡುವವರು ನಮ್ಮ ಗಿನಿಪಿಗ್‌ಗಳಾದ ಏಲಕ್ಕಿ, ಮೆಣಸಿ ಇಬ್ಬರೇ. ಕೊತ್ತಂಬರಿ ಸೊಪ್ಪಿನ ಚೀಲ ಸರಕ್ ಎಂದರೆ ಸಾಕು, ಏಲಕ್ಕಿ ಎರಡು ಕಾಲಿನ ಮೇಲೆ ನಿಂತು ಕಿರುಚುತ್ತಾಳೆ, ಮೆಣಸಿ ನಿಂತಲ್ಲೇ ಮೇಲಕ್ಕೆ ಚಿಮ್ಮುತ್ತಾಳೆ. ಹಾಗೆ ಚಿಮ್ಮಲು ಜಾಗ ಬೇಕು. ನಿನ್ನೆಯ ಆ ಪಂಜರದಲ್ಲಿ ಚಿಮ್ಮಿದರೆ ತಲೆಗೆ ಉಯ್ಯಾಲೆ ಬಡಿಯುತ್ತಿತ್ತು.

ಆ ಹುಡುಗನಿಗೆ ಇವತ್ತು ಬೆಳಿಗ್ಗೆ ಫೋನ್ ಮಾಡಿದೆ. ಬೈಯಲಿಲ್ಲ. ಸದ್ಯಕ್ಕೆ ಒಳಗೆ ತಂದು, ಜಾಲರಿಯ ಮೇಲೆ ದಪ್ಪ ರಟ್ಟು ಹಾಸಿ, ಕಾಲನ್ನು ಪಶುವೈದ್ಯರಿಗೆ ತೋರಿಸು ಎಂದೆ. ಪೆನಿಸಿಲಿನ್ ಜಾತಿಯ ಮಾತ್ರೆಯನ್ನು ಮಾತ್ರ ಯಾರ ಮಾತು ಕೇಳಿಯೂ ಕೊಡಬೇಡ, ಇವುಗಳ ಹೊಟ್ಟೆಗೆ ಅದು ಪ್ರಾಣಾಂತಿಕ ಎಂದೂ ಹೇಳಿದೆ. ಆಚಾರಿಯ ನಂಬರ್ ಕೊಟ್ಟಿದ್ದೇನೆ. ಹಲಗೆ ಅವರ ತೋಟದಲ್ಲೇ ಇದೆ.

ಇನ್ನೊಂದು ವಿಷಯ. ಕೋವಿ, ಆಯುಧಗಳನ್ನು ಪೂಜಿಸುವ ನಮ್ಮ ಹಬ್ಬ ಕೈಲ್ ಪೊಳ್ದ್ ಬಂದೇಬಿಟ್ಟಿತು. ತೆಂಗಿನಕಾಯಿಗೆ ಗುರಿಯಿಟ್ಟು ಕೋವಿ ಹಾರಿಸುವಾಗ ಈ ಪ್ರಾಣಿಗಳ ಎದೆ ಒಡೆದುಹೋಗುವಷ್ಟು ಹೆದರಿಕೆಯಾಗುತ್ತದೆ, ಕಿವಿ ಬಹಳ ಸೂಕ್ಷ್ಮ. ಅಂದು ಗೂಡನ್ನು ಒಳಕೋಣೆಗೆ ಸರಿಸಿ, ಕಿಟಕಿ ಹಾಕಿ, ಅಡಗಲು ಹುಲ್ಲನ್ನು ಧಾರಾಳವಾಗಿ ತುಂಬಿ. ಗುಂಡು ಹೊಡೆಯಬೇಡಿ ಎಂದು ನಾನು ಹೇಳುತ್ತಿಲ್ಲ. ಹೇಳಿದರೆ ಮೊದಲು ಜಗಳಕ್ಕೆ ಬರುವವರು ನಮ್ಮ ಯಜಮಾನರೇ, ಈಗಾಗಲೇ ಕೋವಿ ಒರೆಸಿ ಇಟ್ಟಾಗಿದೆ.