ಸಂಸ್ಕೃತಿ ಅಧ್ಯಯನಕ್ಕೆ ಬೇರೆ ವಿಭಾಗ ಬೇಕಾ?

ಪರ: ಬೇಕು, ಬಾಗಿಲಾದರೂ ಒಂದಿರಲಿ

ಗೋಕಾಕ್ ಚಳವಳಿ ಮೇಲೆ ಪಿಎಚ್‌ಡಿ ಮಾಡ್ತೀನಿ ಅಂತ ಒಬ್ಬ ಹುಡುಗ ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ಹಿಡಿದು ಹೊರಟ ಅಂತಿಟ್ಟುಕೊಳ್ಳಿ. ಯಾವ ವಿಭಾಗಕ್ಕೆ ಹೋಗಬೇಕು? ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಸಿಗಬೇಕು ಅಂತ ವಿ.ಕೃ. ಗೋಕಾಕರ ಸಮಿತಿ 1981ರಲ್ಲಿ ವರದಿ ಕೊಟ್ಟಿತು. ಅದನ್ನು ಜಾರಿ ಮಾಡಿ ಎಂದು ಸಾಹಿತಿಗಳು ಬೀದಿಗಿಳಿದರು. 1982ರಲ್ಲಿ ರಾಜ್‌ಕುಮಾರ್ ಬಂದ ಮೇಲೆ ಊರೂರಲ್ಲೂ ಜನ ಕಿಕ್ಕಿರಿದರು. ಮರುವರ್ಷದ ಚುನಾವಣೆಯಲ್ಲಿ ಗುಂಡೂರಾಯರ ಸರ್ಕಾರವೇ ಹೋಯಿತು.

ಕನ್ನಡ ವಿಭಾಗದವರು ಭಾಷೆಯ ಪ್ರಶ್ನೆ ಸರಿ, ಅಭಿಮಾನಿ ಸಂಘದ ಸಹವಾಸ ನಮಗೇಕೆ ಅನ್ನುತ್ತಾರೆ. ರಾಜ್ಯಶಾಸ್ತ್ರದವರಿಗೆ ಚುನಾವಣೆ ಬೇಕು, ಸಿನಿಮಾ ಬೇಡ. ಇತಿಹಾಸದವರ ಲೆಕ್ಕದಲ್ಲಿ ಅದು ಇನ್ನೂ ನಿನ್ನೆ ಮೊನ್ನೆಯ ಮಾತು! ಆದರೆ ಚಳವಳಿಯ ಜೀವ ಇರುವುದೇ ಈ ಮೂರೂ ಕೂಡುವ ಕಡೆ. ಚುನಾವಣೆಗೆ ಯಾವತ್ತೂ ನಿಲ್ಲದ ನಟನೊಬ್ಬ ಶಾಲೆಯ ಭಾಷೆಯ ಬಗ್ಗೆ ಮಾತಾಡಿದರೆ ಜನ ಅಷ್ಟೊಂದು ಕಿವಿಗೊಟ್ಟದ್ದು ಯಾಕೆ? ಮಯೂರನಾಗಿ, ಕೃಷ್ಣದೇವರಾಯನಾಗಿ ತೆರೆಯ ಮೇಲೆ ಕಂಡವರು ವೇದಿಕೆ ಹತ್ತಿದಾಗ ಜನ ಯಾರನ್ನು ನೋಡುತ್ತಿದ್ದರು? ಇದಕ್ಕೆ ಉತ್ತರ ಬೇಕಾದರೆ ಸಿನಿಮಾ ನೋಡಬೇಕು, ಸರ್ಕಾರಿ ಆದೇಶ ಓದಬೇಕು, ಅಭಿಮಾನಿ ಸಂಘದ ಹಿರಿಯರ ಜೊತೆ ಕೂತು ಮಾತಾಡಬೇಕು. ಮೂರನ್ನೂ ಒಬ್ಬನೇ ಮಾಡಬೇಕು.

ಸಂಸ್ಕೃತಿ ಅಧ್ಯಯನ ಅನ್ನುವುದು ಇಂಥ ಕೆಲಸಕ್ಕೇ. ಅದಕ್ಕೆ ಒಂದು ಜಾಗ ಸಿಕ್ಕರೆ ಏನಾಗುತ್ತದೆ ಅನ್ನುವುದಕ್ಕೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ನೋಡಿ. 1964ರಲ್ಲಿ ರಿಚರ್ಡ್ ಹಾಗರ್ಟ್ ಅಲ್ಲಿ ಸಮಕಾಲೀನ ಸಂಸ್ಕೃತಿ ಅಧ್ಯಯನ ಕೇಂದ್ರ ಶುರು ಮಾಡಿದರು. ಆಮೇಲೆ ಅದನ್ನು ನಡೆಸಿದವರು ಜಮೈಕಾದಿಂದ ಬಂದಿದ್ದ ಸ್ಟುವರ್ಟ್ ಹಾಲ್. 1972ರಲ್ಲಿ ಅದೇ ಊರಿನ ಹ್ಯಾಂಡ್ಸ್‌ವರ್ತ್‌ನಲ್ಲಿ ಮೂವರು ಹುಡುಗರು ಒಬ್ಬನನ್ನು ಹೊಡೆದು ದೋಚಿದರು. ಮರುವರ್ಷ ಕೋರ್ಟು ಒಬ್ಬನಿಗೆ 20 ವರ್ಷ, ಉಳಿದಿಬ್ಬರಿಗೆ ಹತ್ತತ್ತು ವರ್ಷ ಶಿಕ್ಷೆ ಕೊಟ್ಟಿತು. ಹುಡುಗರ ತಪ್ಪನ್ನು ಕೇಂದ್ರದವರು ಅಲ್ಲಗಳೆಯಲಿಲ್ಲ. ಅವರು ಕೇಳಿದ್ದು ಬೇರೆ: ಬೀದಿ ದರೋಡೆ ಹೊಸದೇನಲ್ಲ, ಅದಕ್ಕೆ ಇದ್ದಕ್ಕಿದ್ದಂತೆ ಇಷ್ಟು ದಿಗಿಲು ಯಾಕೆ? ಪತ್ರಿಕೆಯ ತಲೆಬರಹ, ಸಂಪಾದಕರಿಗೆ ಬಂದ ಓದುಗರ ಪತ್ರ, ಜಡ್ಜ್‌ಗಳ ಮಾತು, ಪೊಲೀಸರ ಅಂಕಿ-ಅಂಶ, ಕುಸಿಯುತ್ತಿದ್ದ ಆರ್ಥಿಕತೆ, ಕಪ್ಪು ವಲಸಿಗರ ಬಗೆಗಿನ ಭಯ, ಎಲ್ಲವನ್ನೂ ಜೋಡಿಸಿ ಐದು ಜನ ಸೇರಿ ಬರೆದರು. 1978ರಲ್ಲಿ ಪುಸ್ತಕ ಬಂತು. ಅಪರಾಧಶಾಸ್ತ್ರದವರು ಈಗಲೂ ಅದನ್ನು ಪಾಠ ಮಾಡುತ್ತಾರೆ. ಯಾವ ಒಂದು ವಿಭಾಗದಿಂದಲೂ ಅದು ಬರುತ್ತಿರಲಿಲ್ಲ.

ಓದಿ ಕೆಲಸ ಸಿಗುತ್ತಾ ಅಂತ ಕೇಳುತ್ತಾರೆ. ಸಿಗದಿದ್ದರೆ ನೇಮಕಾತಿ ನಿಯಮ ಬದಲಿಸಿ.

ವಿರೋಧ: ಬೇಡ, ಇರುವ ವಿಭಾಗಗಳೇ ಮಾತಾಡಲಿ

ಗೋಕಾಕ್ ಚಳವಳಿಯ ಉದಾಹರಣೆ ಚೆನ್ನಾಗಿದೆ. ವಿಷಯಕ್ಕೆ ಗಡಿ ಇಲ್ಲ ಅನ್ನುವುದರಲ್ಲಿ ನನಗೂ ತಕರಾರಿಲ್ಲ. ಅದಕ್ಕೊಂದು ಬೋರ್ಡು, ಕುರ್ಚಿ, ಪ್ರಶ್ನೆಪತ್ರಿಕೆ ಬೇಕು ಅನ್ನುವುದರಲ್ಲಿದೆ ತಕರಾರು.

ಕನ್ನಡದಲ್ಲಿ ಈ ಕೆಲಸಕ್ಕೆ ಬೋರ್ಡಿಗಾಗಿ ಯಾರೂ ಕಾಯಲಿಲ್ಲ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಪುಸ್ತಕವಾಗಿ ಬಂದದ್ದು 1966ರಲ್ಲಿ. ಕ್ರಿ.ಶ. 450ರಿಂದ 1150ರವರೆಗಿನ ಶಾಸನಗಳಿಂದ ಆಗಿನವರ ಧರ್ಮ, ಆಡಳಿತ, ವಿದ್ಯೆ, ವೀರಮರಣ ಎಲ್ಲವನ್ನೂ ಹೆಕ್ಕಿದ ಥೀಸಿಸ್ ಅದು. ಬರೆದವರು ಕನ್ನಡ ಮೇಷ್ಟ್ರು. ಒಂದು ವೀರಗಲ್ಲಿನ ಮುಂದೆ ನಿಂತು ನೋಡಿ. ಕೆಳಗಡೆ ಕಾಳಗ, ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಚಿತ್ರ ಯಾರಿಗಾದರೂ ಕಾಣುತ್ತದೆ. ಆದರೆ ಪಟ್ಟಿಗಳ ನಡುವೆ ಸವೆದ ಲಿಪಿ ಓದಿ, ಇವನು ದನಗಳ್ಳರ ಮೇಲೆ ಬಿದ್ದು ಸತ್ತ, ಇವನ ಮನೆಯವರಿಗೆ ಇಂತಿಷ್ಟು ಭೂಮಿ ಬಿಟ್ಟರು ಅಂತ ಹೇಳಬೇಕಾದರೆ ಹಳಗನ್ನಡ ಬರಬೇಕು, ಲಿಪಿ ಬರಬೇಕು. ಅದಕ್ಕೆ ವರ್ಷಗಟ್ಟಲೆ ಒಂದೇ ಕಡೆ ಬೇರು ಬಿಡಬೇಕು. ಎರಡು ವರ್ಷದ ಎಂ.ಎ.ಯಲ್ಲಿ ಸ್ವಲ್ಪ ಸಿನಿಮಾ, ಸ್ವಲ್ಪ ಮಾನವಶಾಸ್ತ್ರ, ಜಾಸ್ತಿ ಥಿಯರಿ ಕಲಿತವನು ಚಿತ್ರದ ಬಗ್ಗೆ ಮಾತ್ರ ಬರೆದಾನು.

ಬುಡ ಗಟ್ಟಿ ಇಲ್ಲದಿದ್ದರೆ ಏನಾಗುತ್ತದೆ ಅಂತ 1996ರಲ್ಲಿ ಭೌತವಿಜ್ಞಾನಿ ಅಲನ್ ಸೋಕಲ್ ತೋರಿಸಿದರು. ಭೌತವಿಜ್ಞಾನದ ಪದಗಳನ್ನು ಸುಮ್ನೆ ಪೋಣಿಸಿ, ಬೇಕಂತಲೇ ಅರ್ಥವಿಲ್ಲದ ಲೇಖನ ಬರೆದು ಅಮೆರಿಕದ ಸಂಸ್ಕೃತಿ ಅಧ್ಯಯನ ಪತ್ರಿಕೆಯೊಂದಕ್ಕೆ ಕಳಿಸಿದರು. ಅದು ಅಚ್ಚಾಯಿತು! ಭೌತವಿಜ್ಞಾನಿಗಳಿಗೆ ಒಮ್ಮೆ ತೋರಿಸೋಣ ಅಂತ ಸಂಪಾದಕರಿಗೆ ಹೊಳೆಯಲಿಲ್ಲ. ಒಂದು ತಮಾಷೆಯಿಂದ ಇಡೀ ಕ್ಷೇತ್ರ ಸುಳ್ಳಾಗುವುದಿಲ್ಲ, ಒಪ್ಪುತ್ತೇನೆ. ಆದರೆ ತಪ್ಪು ಹಿಡಿಯುವವರು ಅಕ್ಕಪಕ್ಕದಲ್ಲಿ ಇರಬೇಕು, ಅಲ್ವಾ?

ಇನ್ನು ಬರ್ಮಿಂಗ್‌ಹ್ಯಾಮ್. ಆ ಕೇಂದ್ರ ಹುಟ್ಟಿದ್ದು ಇಂಗ್ಲಿಷ್ ವಿಭಾಗದ ಆಸರೆಯಲ್ಲಿ, ಸ್ನಾತಕೋತ್ತರ ವಿದ್ಯಾರ್ಥಿಗಳ ಸಣ್ಣ ಗುಂಪಾಗಿ. ಅದರ ಹೆಸರು ಮಾಡಿದ ಪುಸ್ತಕಗಳಲ್ಲಿ ಹೆಚ್ಚಿನವು ಬಂದದ್ದು ಆ ಕಾಲದಲ್ಲೇ. ಹಾಲ್ 1979ರಲ್ಲಿ ಓಪನ್ ಯೂನಿವರ್ಸಿಟಿಗೆ ಹೋದರು. ಮುಂದೆ ಕೇಂದ್ರ ಪೂರ್ತಿ ವಿಭಾಗವಾಯಿತು, ಡಿಗ್ರಿ ತರಗತಿಗಳೂ ಬಂದವು. 2001ರ ಸಂಶೋಧನಾ ಮೌಲ್ಯಮಾಪನದಲ್ಲಿ ಅಂಕ ಕಡಿಮೆ ಬಂತು. 2002ರಲ್ಲಿ ವಿಶ್ವವಿದ್ಯಾಲಯ ಬೀಗ ಹಾಕಿತು. ವಿದ್ಯಾರ್ಥಿಗಳು ಪ್ರತಿಭಟಿಸಿದರೂ ಕೇಳಲಿಲ್ಲ. ವಿಭಾಗ ಅಂತ ಒಂದಿದ್ದರೆ ಮುಚ್ಚುವುದು ಸುಲಭ. ನಾಲ್ಕು ವಿಭಾಗಗಳಲ್ಲಿ ಹರಡಿಕೊಂಡ ಕೆಲಸವನ್ನು ಯಾವ ಕುಲಪತಿಯೂ ಒಂದೇ ಸಹಿಯಲ್ಲಿ ಮುಚ್ಚಲಾರರು.

ನಿಯಮ ಬದಲಿಸಿ ಅನ್ನುವುದು ಬಾಯಿಮಾತಿಗೆ ಸುಲಭ. ಕಾಲೇಜು ಮೇಷ್ಟ್ರಾಗಲು ಬರೆಯುವ ನೆಟ್ ಪರೀಕ್ಷೆಯ ವಿಷಯಗಳ ಪಟ್ಟಿಯಲ್ಲಿ ಜಾನಪದ ಸಾಹಿತ್ಯವಿದೆ, ಮಹಿಳಾ ಅಧ್ಯಯನವಿದೆ. ಸಂಸ್ಕೃತಿ ಅಧ್ಯಯನ ಅಂತ ವಿಷಯವೇ ಇಲ್ಲ. ಹುದ್ದೆಯ ಜಾಹೀರಾತು ಬಂದಾಗ ಇಂಥ ಡಿಗ್ರಿಯವರು ಸಂಬಂಧಪಟ್ಟ ವಿಷಯ ಅಂತ ತೋರಿಸಲು ಪರದಾಡುತ್ತಾರೆ. ಇಂಥ ಡಿಗ್ರಿ ಮುಗಿಸಿ ಬಂದ ಹಳ್ಳಿ ಹುಡುಗಿಯೊಬ್ಬಳಿಗೆ ನಾವೇನು ಹೇಳೋಣ, ಸಿದ್ಧಾಂತ ಚೆನ್ನಾಗಿತ್ತು ಅಂತಲಾ?

ದಾರಿ ಈಗಾಗಲೇ ಇದೆ. ಅಂತರಶಿಸ್ತೀಯ ವಿಷಯವಾದರೆ ಬೇರೆ ವಿಭಾಗದಿಂದ ಸಹ-ಮಾರ್ಗದರ್ಶಕರನ್ನು ತಗೊಳ್ಳಬಹುದು ಅಂತ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯೇ ಹೇಳುತ್ತದೆ. ಅದನ್ನು ಗಟ್ಟಿಯಾಗಿ ಬಳಸಲಿ. ಕೋರ್ಸ್‌ವರ್ಕ್‌ನಲ್ಲಿ ಒಂದು ಪೇಪರನ್ನು ಕಡ್ಡಾಯವಾಗಿ ಇನ್ನೊಂದು ವಿಭಾಗದಲ್ಲಿ ಕೂತು ಕಲಿಯಲಿ. ಸಮಾಜಶಾಸ್ತ್ರದವನಿಗೆ ಶಾಸನ ಓದುವುದನ್ನು ಕನ್ನಡದವರು ಕಲಿಸಲಿ, ಕನ್ನಡದವನಿಗೆ ಸರ್ವೆ ಮಾಡುವುದನ್ನು ಸಮಾಜಶಾಸ್ತ್ರದವರು ಕಲಿಸಲಿ. ಇಬ್ಬರು ಗೈಡುಗಳೂ ವೈವಾಗೆ (ಕೊನೆಯ ಮೌಖಿಕ ಪರೀಕ್ಷೆಗೆ) ಬಂದು ಕೂರಲಿ.