ಹಳೇ ಹೋಸ್ಟ್ಸ್ ಫೈಲ್ ಅಳಿಸಬೇಡಿ

ನಿಮ್ಮ ಬರಹದಲ್ಲಿ, ಜಾಹೀರಾತು ತಡೆಯೋಕೆ ಹಳೇ ಹೋಸ್ಟ್ಸ್ ಫೈಲ್ (ಯಾವ ವೆಬ್ ವಿಳಾಸ ಎಲ್ಲಿಗೆ ಹೋಗಬೇಕು ಅಂತ ಕಂಪ್ಯೂಟರ್ ನೋಡೋ ಪಟ್ಟಿ) ಅಳಿಸಿ, ಡೌನ್‌ಲೋಡ್ ಮಾಡಿದ ಹೊಸ ಪಟ್ಟಿಯನ್ನು ಅದೇ ಜಾಗಕ್ಕೆ ಹಾಕಿದರೆ ಸಾಕು ಅಂತ ಬರೆದಿದ್ದೀರಿ. ಆ 'ಸಾಕು' ಅನ್ನೋ ಮಾತನ್ನು ನಾನು ಒಪ್ಪಲ್ಲ. ಗಂಗಾವತಿಯ ನಮ್ಮ ಮನೆಯಲ್ಲಿ ನಾನೂ ಹೀಗೇ ಮಾಡಿದ್ದೆ. ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ಮಗಳ ಸ್ಕಾಲರ್‌ಶಿಪ್ ಅರ್ಜಿಯ ಪುಟ ತೆರೆಯಲೇ ಇಲ್ಲ. ನೆಟ್ ಸರಿ ಇಲ್ಲ ಅಂದುಕೊಂಡು ರೂಟರ್ ಆಫ್ ಮಾಡು, ಆನ್ ಮಾಡು, ಇದರಲ್ಲೇ ಅರ್ಧ ದಿನ ಹೋಯಿತು. ಅವಳ ಕಣ್ಣಲ್ಲಿ ನೀರು. ಕೊನೆಗೆ ನೋಡಿದರೆ, ಆ ಪುಟಕ್ಕೆ ಬೇಕಾದ ಒಂದು ವಿಳಾಸ ಹೊಸ ಪಟ್ಟಿಯಲ್ಲಿ 0.0.0.0 ಪಕ್ಕದಲ್ಲೇ ಕೂತಿತ್ತು, ಅಂದರೆ ತಡೆಯೋ ವಿಳಾಸಗಳಲ್ಲಿ ಅದೂ ಸೇರಿತ್ತು. ಆ ಸಾಲನ್ನು ಕಂಪ್ಯೂಟರ್ ಲೆಕ್ಕಕ್ಕೆ ತಗೊಳ್ಳದಿರಲಿ ಅಂತ ಮೊದಲಿಗೆ ಒಂದು # ಹಾಕಿ ಸೇವ್ ಮಾಡಿದೆ, ಡಿಎನ್‌ಎಸ್ ಕ್ಯಾಶ್ (ಕಂಪ್ಯೂಟರ್ ನೆನಪಿಟ್ಟುಕೊಂಡಿದ್ದ ಹಳೇ ವಿಳಾಸಗಳು) ಅಳಿಸಿದೆ, ಪುಟ ಬಂತು. ಪ್ರಿಂಟರ್‌ಗೆ ಅಂತ ನಾನೇ ಬರೆದಿದ್ದ ಸಾಲು ಮಾತ್ರ ಹಳೇ ಫೈಲ್ ಜೊತೆ ಹೋಗಿಬಿಟ್ಟಿತ್ತು. ಅದಕ್ಕೇ ಹೇಳ್ತಿರೋದು, ಮೊದಲು ಹಳೇದನ್ನು ಹೆಸರು ಬದಲಿಸಿ ಇಟ್ಟುಕೊಳ್ಳಿ. ಇನ್ನೊಂದು ವಿಷಯ ನೀವು ಬಿಟ್ಟಿದ್ದೀರಿ: ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯದಿದ್ದರೆ ವಿಂಡೋಸ್ ಆ ಜಾಗದಲ್ಲಿ ಸೇವ್ ಮಾಡೋಕೆ ಬಿಡಲ್ಲ. ಹೆಸರಿನ ಕೊನೆಗೆ ಡಾಟ್ ಟಿಎಕ್ಸ್‌ಟಿ ಸೇರಿಕೊಂಡರೂ ಅಷ್ಟೇ, ವಿಂಡೋಸ್ ಆ ಫೈಲನ್ನು ಓದೋದೇ ಇಲ್ಲ.