ಹಕ್ಕಿ ಜ್ವರ ಪತ್ತೆಗೆ ಬೆಳಗಾವಿಯ ಸ್ವದೇಶಿ ಲ್ಯಾಬುಗಳು

ಬೆಳಗಾವಿ ಸೀಮೆಯ ಯಾವುದೋ ಫಾರ್ಮಿನಲ್ಲಿ ನಾಲ್ಕು ಕೋಳಿ ಸತ್ತವು ಎಂದು ಗೊತ್ತಾದರೆ ಸಾಕು, ಊರಿನ ಲ್ಯಾಬುಗಳೆಲ್ಲ ಒಟ್ಟಿಗೆ ಕೆಲಸ ಶುರು ಮಾಡುತ್ತವೆ. ಮುಖ್ಯ ಲ್ಯಾಬು ಚಹಾದಂಗಡಿಯಲ್ಲಿದೆ. ಅಲ್ಲಿನ ತಜ್ಞರು ಫೋನು ಎತ್ತಿ ಒಂದು ಫೋಟೊ ತೋರಿಸುತ್ತಾರೆ. "ನೋಡ್ರಿ ಕಾಕಾ, ಹಕ್ಕಿ ಜ್ವರಾನ ಇದು, ಪಕ್ಕಾ." ಫೋಟೊದಲ್ಲಿರುವ ಕೋಳಿ ಯಾವ ದೇಶದ್ದೋ, ಯಾವ ವರ್ಷ ಸತ್ತಿದ್ದೋ! ಆದರೆ ವರದಿ ಬಂದಾಯಿತು. ಸ್ಯಾಂಪಲ್ ಬೇಡ, ಐಸ್ ಬೇಡ, ಅರ್ಧ ಚಹಾ ಸಾಕು.

ಇದರ ಮುಂದೆ ಸರ್ಕಾರಿ ಪರೀಕ್ಷೆಯ ಪಾಡು ನೋಡಿ, ಪಾಪ ಅನಿಸುತ್ತದೆ. ಪಶುವೈದ್ಯರು ಮೈತುಂಬ ಪ್ಲಾಸ್ಟಿಕ್ ಅಂಗಿ ತೊಟ್ಟು ಕೋಳಿಯ ಗಂಟಲಿಗೊಂದು, ಹಿಂಬದಿಗೊಂದು ಹತ್ತಿಕಡ್ಡಿ ಹಾಕಿ ದ್ರವ ತೆಗೆಯಬೇಕು. ಆ ಕಡ್ಡಿ ಒಣಗಬಾರದು, ಅದಕ್ಕೆಂದೇ ಇರುವ ದ್ರಾವಣದ ಸೀಸೆಯಲ್ಲಿ ಮುಳುಗಿರಬೇಕು. ಸೀಸೆ ಸುಮಾರು 4 ಡಿಗ್ರಿ ತಂಪಿನಲ್ಲೇ ಇರಬೇಕು. ಹೀಗೆ ಐಸ್ ಪೆಟ್ಟಿಗೆಯಲ್ಲಿ ಕೂತು ಅದು 500 ಕಿಲೋಮೀಟರ್ ದೂರದ ಬೆಂಗಳೂರಿನ ಹೆಬ್ಬಾಳದ ಸರ್ಕಾರಿ ಲ್ಯಾಬು ಸೇರಬೇಕು. ಅಲ್ಲಿಗೂ ಮುಗಿಯಲಿಲ್ಲ. ಹಕ್ಕಿ ಜ್ವರ ಹೌದು ಎಂದು ದೇಶಕ್ಕೆ ಕೊನೆಯ ಮಾತು ಹೇಳುವ ಲ್ಯಾಬು ಇರುವುದು ಭೋಪಾಲದಲ್ಲಿ. ನಮ್ಮೂರ ಸಿಹಿತಿಂಡಿ ಕುಂದಾ ಸಂಜೆ ಸ್ಲೀಪರ್ ಬಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರಿನ ನೆಂಟರ ಮನೆ ಸೇರುತ್ತದೆ. ಈ ಸೀಸೆಗೆ ಮಾತ್ರ ಮೊದಲು ಪತ್ರ, ಆಮೇಲೆ ಸಹಿ, ಆಮೇಲೆ ವಾಹನ, ಆಮೇಲೆ ಆ ವಾಹನಕ್ಕೆ ಡೀಸೆಲ್.

ತಮಾಷೆ ಏನೆಂದರೆ, ಲ್ಯಾಬಿನೊಳಗೆ ತಡವೇ ಇಲ್ಲ. ವೈರಸ್ಸಿನ ಜೀನ್ ಹುಡುಕುವ ಆರ್‌ಟಿ-ಪಿಸಿಆರ್ ಪರೀಕ್ಷೆ ಕೆಲವೇ ಗಂಟೆಗಳ ಕೆಲಸ. ಕೊರೊನಾ ಕಾಲದಲ್ಲಿ ನಮ್ಮ ಮೂಗಿಗೂ ಇದೇ ಆಗಿತ್ತಲ್ಲ! ಮೊದಲು ಎಂ ಜೀನ್ ಹುಡುಕುತ್ತಾರೆ. ಅದು ಸಿಕ್ಕರೆ ಇನ್‌ಫ್ಲುಯೆಂಜಾ ಎ ಜಾತಿಯ ವೈರಸ್ ಇದೆ ಅಂತ ಅರ್ಥ, ಹಕ್ಕಿ ಜ್ವರ ತರುವುದು ಇದೇ ಜಾತಿ. ಆಮೇಲೆ ಅದು ಕೋಳಿಗೆ ಮಾರಕವಾಗಬಲ್ಲ ಎಚ್5 ಬಗೆಯದೋ, ಎಚ್7 ಬಗೆಯದೋ ಅಂತ ನೋಡುತ್ತಾರೆ. ವೈರಸ್ಸನ್ನೇ ಬೆಳೆಸಿ ನೋಡಬೇಕೆಂದರೆ 9ರಿಂದ 11 ದಿನ ಕಾವು ಕೊಟ್ಟ ಮೊಟ್ಟೆಗೆ ಸ್ಯಾಂಪಲ್ ಚುಚ್ಚುತ್ತಾರೆ. ಕೋಳಿಯ ರೋಗಕ್ಕೆ ಕೋಳಿಮೊಟ್ಟೆಯೇ ಸಾಕ್ಷಿ. ಆ ಮೊಟ್ಟೆಯ ದ್ರವವನ್ನು ಕೋಳಿಯ ಕೆಂಪು ರಕ್ತಕಣಗಳ ಜೊತೆ ಬೆರೆಸಿದಾಗ ಕಣಗಳು ಒಂದಕ್ಕೊಂದು ಅಂಟಿಕೊಂಡರೆ ಒಳಗೆ ಯಾವುದೋ ವೈರಸ್ ಇದೆ. ಆದರೆ ಕೋಳಿಗಳ ಇನ್ನೊಂದು ರೋಗವಾದ ರಾಣಿಖೇತ್‌ನ ವೈರಸ್ಸೂ ಹೀಗೇ ಅಂಟಿಸುತ್ತದೆ. ಎರಡೂ ರೋಗದಲ್ಲಿ ಕೋಳಿ ಪಟಪಟ ಸಾಯುತ್ತವೆ. ಅದಕ್ಕೇ ಒಂದೊಂದು ವೈರಸ್ಸಿಗೂ ಬೇರೆ ಬೇರೆ ಸೀರಂ (ಆ ವೈರಸ್ಸನ್ನು ಹಿಡಿಯುವ ಪ್ರತಿಕಾಯಗಳಿರುವ ರಕ್ತದ ತಿಳಿ) ಹಾಕಿ, ಯಾವುದು ಈ ಅಂಟನ್ನು ತಡೆಯುತ್ತದೆ ಅಂತ ನೋಡಿ ಗುರುತು ಹಿಡಿಯುತ್ತಾರೆ. ಇಷ್ಟೆಲ್ಲ ಮಾಡಿದ ಮೇಲೂ ವಿಜ್ಞಾನಿ ತಗ್ಗಿದ ದನಿಯಲ್ಲೇ ಮಾತಾಡುತ್ತಾನೆ. ಚಹಾದಂಗಡಿಯವರು ಫೋಟೊದಲ್ಲಿ ಜುಟ್ಟಿನ ಬಣ್ಣ ನೋಡಿಯೇ ಹೇಳಿಬಿಡುತ್ತಾರೆ, ಅದೂ ಮೈಕ್ ಬೇಡದಷ್ಟು ಜೋರಾಗಿ.

ಇನ್ನೊಂದು ಲ್ಯಾಬು ವೇದಿಕೆಯ ಮೇಲಿದೆ. ಅಲ್ಲಿ ಸ್ಯಾಂಪಲ್ಲನ್ನು ಹುರಿದು, ನಿಂಬೆಹಣ್ಣು ಹಿಂಡಿ ತರುತ್ತಾರೆ. ಸಾಹೇಬರು ಕ್ಯಾಮೆರಾ ಮುಂದೆ ಒಂದು ತೊಡೆ ಕಚ್ಚಿ, "ಏನೂ ಇಲ್ಲ, ಆರಾಮಾಗಿ ತಿನ್ನಿ" ಎನ್ನುತ್ತಾರೆ. ಚಪ್ಪಾಳೆ. ಮಾಂಸವನ್ನು ಒಳಗಿನವರೆಗೂ 70 ಡಿಗ್ರಿ ಬಿಸಿಯಲ್ಲಿ ಬೇಯಿಸಿದರೆ ವೈರಸ್ ಉಳಿಯುವುದಿಲ್ಲ ಎಂಬುದು ನಿಜ. ಸಾವಜಿ ರಸಾದಲ್ಲಿ ಕುದ್ದೂ ಬದುಕಿ ಬರುವ ವೈರಸ್ ಇದ್ದರೆ ಅದಕ್ಕೆ ಶಾಲು ಹೊದಿಸಿ ಸನ್ಮಾನ ಮಾಡಬೇಕು! ಆದರೆ ತಟ್ಟೆಯಲ್ಲಿ ಬೆಂದ ತೊಡೆ ಫಾರ್ಮಿನಲ್ಲಿ ತೂಕಡಿಸುತ್ತಿರುವ ಕೋಳಿಯ ಬಗ್ಗೆ ಏನು ಹೇಳೀತು? ಸಾಹೇಬರ ಹೊಟ್ಟೆ ಚೆನ್ನಾಗಿದೆ ಎಂಬುದಷ್ಟೇ ಸಾಬೀತಾಯಿತು. ಅದು ನಮಗೆ ಮೊದಲೇ ಗೊತ್ತಿತ್ತು.

ಜನರ ಲ್ಯಾಬಿಗೆ ಇದೆಲ್ಲ ಬೇಕಿಲ್ಲ, ಅವರು ರೇಟು ನೋಡುತ್ತಾರೆ. ಕಿಲೋಗೆ 200 ರೂಪಾಯಿ ಇದ್ದಾಗ "ಬ್ಯಾಡ್ರಿ, ಮನ್ಯಾಗ ಸಣ್ಣ ಹುಡುಗರದಾರ" ಎಂದವರು 90ಕ್ಕೆ ಇಳಿದಾಗ "ಚಲೋ ಕುದಿಸಿದ್ರ ಏನೂ ಆಗೂದಿಲ್ರಿ" ಎಂದು ಎರಡು ಕಿಲೋ ಕಟ್ಟಿಸುತ್ತಾರೆ. ಹಕ್ಕಿ ಜ್ವರ 110 ರೂಪಾಯಿಗೆ ವಾಸಿಯಾಯಿತು.

ರೋಗ ಖಚಿತವಾದರೆ ನಕಾಶೆ ಬರುತ್ತದೆ. ಫಾರ್ಮಿನ ಸುತ್ತ 1 ಕಿಲೋಮೀಟರ್ ಸೋಂಕಿತ ವಲಯ, 10 ಕಿಲೋಮೀಟರ್‌ವರೆಗೆ ನಿಗಾ ವಲಯ. ನಿಪ್ಪಾಣಿ ಕಡೆ ಇಂಥದ್ದೊಂದು ವೃತ್ತ ಎಳೆದು ನೋಡಿ, ಅರ್ಧ ಮಹಾರಾಷ್ಟ್ರಕ್ಕೆ ಹೋಗುತ್ತದೆ. ಎರಡು ರಾಜ್ಯಗಳ ಗಡಿ ವಿವಾದದ ಮಹಾಜನ ವರದಿಯನ್ನು ವೈರಸ್ ಓದಿಲ್ಲ. ನಾವು ಮಾತ್ರ ಗಡಿ ಚೆಕ್‌ಪೋಸ್ಟಿನಲ್ಲಿ ಲಾರಿಯ ಟೈರಿಗೆ ಔಷಧಿ ಹೊಡೆಯುತ್ತಾ ನಿಲ್ಲುತ್ತೇವೆ. ಅದೂ ಬೇಕು, ಬೇಡ ಅನ್ನುವುದಿಲ್ಲ. ಆದರೆ ಆಲಮಟ್ಟಿ ಹಿನ್ನೀರಿಗೆ ಹಾರಿಬರುವ ವಲಸೆ ಹಕ್ಕಿಗೆ ಟೈರ್ ಇಲ್ಲವಲ್ಲ.

ಇನ್ನು ಪರಿಹಾರದ ನಿಯಮ. ನನಗೆ ತುಂಬಾ ಇಷ್ಟವಾದ ಭಾಗ ಇದು. ರೋಗ ಹರಡದಂತೆ ಸರ್ಕಾರ ಕೊಲ್ಲಿಸಿದ ಕೋಳಿಗೆ ರೈತನಿಗೆ ದುಡ್ಡು ಬರುತ್ತದೆ. ಅದಕ್ಕೂ ಮೊದಲೇ ರೋಗದಿಂದ ಸತ್ತ ಕೋಳಿಗೆ ಬರುವುದಿಲ್ಲ. ಅಂದರೆ ಕೋಳಿ ತಾನಾಗೇ ಸಾಯಬಾರದು. ಸೀಸೆ ಹೆಬ್ಬಾಳಕ್ಕೆ ಹೋಗಿ, ಭೋಪಾಲಕ್ಕೆ ಹೋಗಿ, ಕಾಗದ ವಾಪಸ್ ಬರುವವರೆಗೆ ಉಸಿರು ಬಿಗಿಹಿಡಿದು ಕಾಯಬೇಕು. ಕೋಳಿಗೆ ಅಷ್ಟು ಶಿಸ್ತು ಎಲ್ಲಿಂದ ಬರಬೇಕು? ರೈತನೂ ಲೆಕ್ಕ ಹಾಕುತ್ತಾನೆ. ಕಾದರೆ ದಿನಕ್ಕೆ ನೂರು ಹೆಣ, ಪರಿಹಾರ ಸೊನ್ನೆ. ಹೀಗಾಗಿ ಇಲಾಖೆಯ ಜೀಪು ದಾರಿಯಲ್ಲಿರುವಾಗಲೇ ಫಾರ್ಮಿನ ಹಿಂದಿನ ಗೇಟಿಗೆ ವ್ಯಾಪಾರಿಯ ಟಂಟಂ ಬಂದು ನಿಂತಿರುತ್ತದೆ. ಅದಕ್ಕೆ ಪತ್ರವೂ ಬೇಡ, ಸಹಿಯೂ ಬೇಡ. ಡೀಸೆಲ್ಲು ಫುಲ್ ಇರುತ್ತದೆ.